ವಸ್ತಾದ ತಾಲೀಮು ಬಿಟ್ಟಾಗ: ತರಬೇತುದಾರನ ನಿರ್ಗಮನ ಮತ್ತು ಅಭಿಮಾನಿಯ ಮನಸ್ಸು

ತಂಡವೊಂದನ್ನು ಕಟ್ಟಿ ಬೆಳೆಸಿದ ಗುರು ಅದನ್ನು ಬಿಟ್ಟು ಮತ್ತೊಂದು ತಂಡವನ್ನು ಸೇರಿದಾಗ ಅಭಿಮಾನಿಗಳಲ್ಲಿ ಹುಟ್ಟುವ ಬೇಸರ, ಸಿಟ್ಟು ಮತ್ತು ಮೋಸಹೋದ ಭಾವನೆಗಳನ್ನು ಇಂದಿನ ವೃತ್ತಿಪರ ಕ್ರೀಡೆಯ ಫಲವೆಂದು ಎಣಿಸುವುದು ವಾಡಿಕೆಯಾಗಿದೆ. ಆದರೆ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಬಯಲಿನಲ್ಲಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ಊರುಗಳಲ್ಲಿ ಈ ಭಾವನೆಗಳು ಕುಸ್ತಿಯ ಕಣದಲ್ಲಿ ಬಹಳ ಹಿಂದೆಯೇ ರೂಪುಗೊಂಡಿದ್ದವು. ಗುರುವನ್ನು ಸಾಕುವ ಹೊಣೆ ಮೊದಲು ಅರಸನದಾಗಿದ್ದು, ಬಳಿಕ ಊರು ಮತ್ತು ತಾಲೀಮುಗಳಿಗೆ, ಅನಂತರ ಸರಕಾರಕ್ಕೆ, ಕೊನೆಗೆ ಕಂಪನಿಗಳಿಗೆ ದಾಟಿತು. ಹೊಣೆ ಕೈ ಬದಲಿಸಿದಂತೆಲ್ಲ ಗುರುವಿನ ಮೇಲೆ ಅಭಿಮಾನಿಗಿದ್ದ ಹಕ್ಕಿನ ಸ್ವರೂಪವೂ ಬದಲಾಯಿತು ಎಂಬುದು ಈ ಚರಿತ್ರೆಯಿಂದ ತಿಳಿಯುತ್ತದೆ.

ಕನ್ನಡ ನಾಡಿನಲ್ಲಿ ಕುಸ್ತಿಯ ವ್ಯವಸ್ಥಿತ ಪೋಷಣೆಗೆ ದೊರೆಯುವ ಮಹತ್ವದ ಆಧಾರವೆಂದರೆ ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು 12ನೇ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಸಂಸ್ಕೃತದ 'ಮಾನಸೋಲ್ಲಾಸ'. ಇದರ ಮಲ್ಲವಿನೋದವೆಂಬ ಭಾಗವು ಜಟ್ಟಿಗಳನ್ನು ಅವರ ವಯಸ್ಸು ಮತ್ತು ಬಲಗಳಿಗೆ ತಕ್ಕಂತೆ ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಳ ಎಂದು ವಿಂಗಡಿಸಿ, ಅವರ ಆಹಾರ, ವ್ಯಾಯಾಮ ಮತ್ತು ಪಟ್ಟುಗಳನ್ನು ವಿವರಿಸುತ್ತದೆ. ಅಲ್ಲಿ ಜಟ್ಟಿಯನ್ನು ಸಾಕುವವನೂ ಅರಸ, ಕಾಳಗವನ್ನು ಏರ್ಪಡಿಸುವವನೂ ಅರಸ, ಅದನ್ನು ನೋಡಿ ಸಂತೋಷಪಡುವ ಮೊದಲ ಪ್ರೇಕ್ಷಕನೂ ಅರಸನೇ ಆಗಿರುವುದರಿಂದ, ಜಟ್ಟಿಯೊಬ್ಬ ಬೇರೆ ಆಸ್ಥಾನಕ್ಕೆ ಹೋದರೆ ನೊಂದುಕೊಳ್ಳುವ ಹಕ್ಕು ಜನರಿಗಿಂತ ಒಡೆಯನಿಗೇ ಸೇರಿದ್ದಾಗಿತ್ತು.

ಈ ಗಡಿಭಾಗದಲ್ಲಿ ಕುಸ್ತಿ ಜನರ ಸ್ವತ್ತಾದದ್ದು ತಾಲೀಮುಗಳ ಮೂಲಕ. ಹಳೆಯ ಮೈಸೂರು ಸೀಮೆಯಲ್ಲಿ ಗರಡಿಮನೆ ಎನಿಸಿಕೊಳ್ಳುವ ವ್ಯಾಯಾಮಶಾಲೆಯನ್ನೇ ಇಲ್ಲಿ ತಾಲೀಮು ಎನ್ನುತ್ತಾರೆ. ಅದರ ಒಳಗಿನ ಕಣದಲ್ಲಿ ಜರಡಿ ಹಿಡಿದ ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನಗಳನ್ನು ಬೆರೆಸಿ ಹದಗೊಳಿಸಿರುತ್ತಾರೆ. ಅಲ್ಲಿ ಪಟ್ಟು ಕಲಿಸಿ, ಸಾಮು ಮಾಡಿಸಿ, ಯಾರ ಕುಸ್ತಿಯನ್ನು ಯಾರೊಂದಿಗೆ ಹಿಡಿಸಬೇಕೆಂದು ನಿರ್ಧರಿಸುವ ಹಿರಿಯನೇ ವಸ್ತಾದ. ಕೊಲ್ಲಾಪುರದಲ್ಲಿ 1894ರಿಂದ 1922ರವರೆಗೆ ಆಳಿದ ಛತ್ರಪತಿ ಶಾಹೂ ಮಹಾರಾಜರು ಈ ಕಲೆಗೆ ಉದಾರವಾದ ಆಶ್ರಯ ನೀಡಿದ್ದಲ್ಲದೆ, ಸುತ್ತಲೂ ಇಳಿಜಾರಾಗಿ ಕುಳಿತ ಸಾವಿರಾರು ಜನರಿಗೆ ನಡುವಿನ ಕಣ ನಿಚ್ಚಳವಾಗಿ ಕಾಣುವಂತಹ ಖಾಸಬಾಗ ಮೈದಾನವನ್ನು ಕಟ್ಟಿಸಿದರು; ಅದು 1912ರಲ್ಲಿ ಬಳಕೆಗೆ ತೆರೆಯಿತು. ಅರಮನೆಯ ವಿನೋದವಾಗಿದ್ದ ಕಾಳಗ ಹೀಗೆ ಜನಸಾಗರದ ಎದುರಿಗೆ ಬಂದಾಗ, ಪಂಗಡ ಕಟ್ಟಿಕೊಂಡು ತನ್ನವನೆಂದು ಕೂಗುವ ಅಭಿಮಾನಿ ಹುಟ್ಟಿದನು. ಶಾಹುಪುರಿ, ಗಂಗಾವೇಸ, ಮೋತಿಬಾಗ ಮೊದಲಾದ ತಾಲೀಮುಗಳ ಹೆಸರುಗಳು ಕೃಷ್ಣೆಯ ಈಚೆಗಿನ ಕನ್ನಡದ ಮನೆಗಳಲ್ಲಿಯೂ ಬಳಕೆಯ ಮಾತಾದವು. ಮಂಗಸೂಳಿಯ ಖಂಡೋಬನಿಗೆ ಕನ್ನಡ ಮತ್ತು ಮರಾಠಿ ಎರಡೂ ನುಡಿಗಳ ಭಕ್ತರು ನಡೆದುಕೊಳ್ಳುವಂತೆ, ಈ ಊರುಗಳ ಹುಡುಗರೂ ಭಾಷೆಯ ಭೇದವಿಲ್ಲದೆ ಮಿರಜ, ಸಾಂಗ್ಲಿ, ಕೊಲ್ಲಾಪುರಗಳ ವಸ್ತಾದರ ಕೈಕೆಳಗೆ ಪಳಗಿದರು.

ಜಾತ್ರೆಯ ಕುಸ್ತಿಗಳಲ್ಲಿ ಇಂದಿಗೂ ಉಳಿದಿರುವ ಒಂದು ಪದ್ಧತಿಯು ಈ ಸಂಬಂಧದ ಸ್ವರೂಪವನ್ನು ಸ್ಪಷ್ಟಪಡಿಸುತ್ತದೆ. ಹಲಗಿಯ ಸದ್ದಿನ ನಡುವೆ ಜೋಡಿಯೊಂದು ಕಣಕ್ಕಿಳಿದಾಗ, ಧ್ವನಿವರ್ಧಕ ಹಿಡಿದ ನಿವೇದಕನು ಪೈಲ್ವಾನನ ಹೆಸರನ್ನಷ್ಟೇ ಕೂಗಿ ಸುಮ್ಮನಾಗದೆ, ಅವನ ಊರು, ತಾಲೀಮು ಮತ್ತು ವಸ್ತಾದನ ಹೆಸರುಗಳನ್ನೂ ಸೇರಿಸಿ ಸಾರುತ್ತಾನೆ. ಇಂತಿಷ್ಟು ನಿಮಿಷವೆಂಬ ಮಿತಿಯಿಲ್ಲದೆ ಒಬ್ಬ ಚಿತ್ ಆಗುವ ತನಕ ನಡೆಯುವ ಹೋರಾಟಕ್ಕೆ ನಿಕಾಲಿ ಕುಸ್ತಿ ಎಂದು ಹೆಸರು. ಅದರಲ್ಲಿ ಗೆದ್ದವನು ಮೊದಲು ವಸ್ತಾದನ ಕಾಲು ಮುಟ್ಟಿ, ಆಮೇಲೆ ಕಣದ ಸುತ್ತ ನಡೆಯುತ್ತ ಜನ ಮೆಚ್ಚಿ ಕೊಡುವ ನೋಟುಗಳನ್ನು ಸ್ವೀಕರಿಸುತ್ತಾನೆ. ಹೀಗೆ ಗೆಲುವು ಊರು, ತಾಲೀಮು ಮತ್ತು ಗುರುಗಳ ನಡುವೆ ಹಂಚಿಹೋಗುವುದರಿಂದ, ಈ ಮೂರರಲ್ಲಿ ಒಂದು ಕಳಚಿಕೊಂಡಾಗ ಉಳಿದೆರಡರ ಕಡೆಯವರಿಗೆ ನೋವಾಗುವುದು ಸಹಜ. ಉಂಡ ಮನೆಗೆ ಎರಡು ಬಗೆದನೆಂಬ ಆಕ್ಷೇಪ ಏಳುವುದು ಇಂತಹ ಹೊತ್ತಿನಲ್ಲಿಯೇ. ಅದರ ಹಿಂದೆ ಒಂದು ಭಯವೂ ಇರುತ್ತದೆ: ಬಿಟ್ಟುಹೋಗುವ ಗುರು ತನ್ನ ಶಿಷ್ಯರ ಬಲವನ್ನೂ ದೌರ್ಬಲ್ಯವನ್ನೂ ಬಲ್ಲವನಾಗಿದ್ದು, ಆ ಗುಟ್ಟುಗಳು ಅವನೊಂದಿಗೆ ಎದುರಾಳಿಯ ಮನೆ ಸೇರುತ್ತವೆ.

ಇದಕ್ಕೆ ಪ್ರತಿಯಾಗಿ, ಹೋದವನನ್ನು ತನ್ನವನಾಗಿಯೇ ಉಳಿಸಿಕೊಳ್ಳುವ ಬಗೆಯೂ ಈ ಪರಂಪರೆಯಲ್ಲಿದೆ. ಚಿಕ್ಕೋಡಿ ಸೀಮೆಯ ಯಕ್ಸಂಬಾದಲ್ಲಿ ಹುಟ್ಟಿದ ಶ್ರೀಪತಿ ಖಂಚನಾಳೆಯವರು ಕೊಲ್ಲಾಪುರದ ಶಾಹುಪುರಿ ತಾಲೀಮಿನಲ್ಲಿ ಬೆಳೆದು, 1959ರಲ್ಲಿ ದೆಹಲಿಯಲ್ಲಿ ಪಂಜಾಬಿನ ಬಂತಾ ಸಿಂಗ್‌ರನ್ನು ಸೋಲಿಸಿ ಹಿಂದ್ ಕೇಸರಿ ಎನಿಸಿದರು ಮತ್ತು ಅದೇ ವರ್ಷ ಮಹಾರಾಷ್ಟ್ರ ಕೇಸರಿ ಬಿರುದನ್ನೂ ಪಡೆದರು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅವರ ಹುಟ್ಟೂರು ಮೈಸೂರು ರಾಜ್ಯಕ್ಕೆ ಸೇರಿಹೋಗಿತ್ತು. ಬಿರುದು ಮಾತ್ರ ನೆರೆಯ ರಾಜ್ಯದ್ದಾಗಿತ್ತು. 2020ರ ಡಿಸೆಂಬರ್‌ನಲ್ಲಿ ಅವರು ಕೊಲ್ಲಾಪುರದಲ್ಲಿ ತೀರಿಕೊಂಡಾಗ ಎರಡೂ ಕಡೆಯ ಜನ ಅವರನ್ನು ತಮ್ಮವರೆಂದೇ ನೆನೆದರೆಂದರೆ, ನಿವೇದಕನ ಸಾಲಿನಲ್ಲಿ ಊರಿಗೂ ತಾಲೀಮಿಗೂ ಬೇರೆಬೇರೆ ಸ್ಥಾನಗಳಿದ್ದುದು ಅದಕ್ಕೆ ಒಂದು ಕಾರಣವೆನ್ನಬಹುದು.

ಸಂಸ್ಥಾನಗಳು ವಿಲೀನವಾದ ಮೇಲೆ ರಾಜಾಶ್ರಯ ಕೊನೆಗೊಂಡು, ಕ್ರೀಡಾ ತರಬೇತಿಯು ಸರಕಾರದ ಕೆಲಸಗಳಲ್ಲೊಂದಾಯಿತು. 1961ರಲ್ಲಿ ಪಟಿಯಾಲಾದಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಆರಂಭವಾದಂದಿನಿಂದ, ಪದವಿಪತ್ರ ಪಡೆದು ಸಂಬಳಕ್ಕೆ ಕೆಲಸ ಮಾಡುವ ಕೋಚ್ ಎಂಬ ಹೊಸ ವೃತ್ತಿಗೆ ದೇಶದಲ್ಲಿ ಗಟ್ಟಿಯಾದ ನೆಲೆ ದೊರೆಯಿತು. ಹಳ್ಳಿಗಳ ಮಟ್ಟಿಗೆ ಈ ಬದಲಾವಣೆ ಬಂದದ್ದು ದೈಹಿಕ ಶಿಕ್ಷಕರ ರೂಪದಲ್ಲಿ. ಖೊಖೊ ಅಥವಾ ಕಬಡ್ಡಿಯಲ್ಲಿ ಹೆಸರು ಮಾಡಿದ ಶಾಲೆಯ ಹಿಂದೆ ಬೆಳಗಿನ ಜಾವದಲ್ಲೇ ಬಯಲಿಗೆ ಬಂದು ಮಕ್ಕಳಿಗಾಗಿ ಕಾಯುವ ಒಬ್ಬ ಪಿ.ಟಿ. ಮಾಸ್ತರರಿರುವುದು ಸಾಮಾನ್ಯ. ಅಂತಹವರು ಬೇರೆ ಶಾಲೆಗೆ ವರ್ಗವಾದಾಗ, ಮಾಸ್ತರರನ್ನು ಇಲ್ಲಿಯೇ ಉಳಿಸಿಕೊಡಬೇಕೆಂದು ಊರವರು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಮನವಿ ಕೊಡುವುದೂ, ಅದು ಫಲಿಸದಿದ್ದರೆ ಶಾಲು ಹೊದಿಸಿ, ಹಾರ ಹಾಕಿ, ಕಣ್ಣೀರಿಟ್ಟು ಕಳುಹಿಸುವುದೂ ರೂಢಿಯಲ್ಲಿದೆ. ಇಲ್ಲಿ ದುಃಖವಿರುತ್ತದೆ, ಆದರೆ ಹೋದವರ ಮೇಲೆ ಸಿಟ್ಟಿರುವುದಿಲ್ಲ. ಏಕೆಂದರೆ ಹೋಗುವ ತೀರ್ಮಾನ ಕೆಲವೊಮ್ಮೆ ಮಾಸ್ತರರದೇ ಆಗಿದ್ದರೂ ಜನ ಅದನ್ನು ಸರಕಾರದ ಆದೇಶವೆಂದೇ ತಿಳಿಯುತ್ತಾರೆ. ಅಗಲಿಕೆಯಷ್ಟೇ ಅಭಿಮಾನಿಯನ್ನು ಕೆರಳಿಸುವುದಿಲ್ಲ, ಅಗಲಿಕೆ ಸ್ವಂತ ಆಯ್ಕೆಯೆಂದು ಕಂಡಾಗಲೇ ಅವನು ಕೆರಳುತ್ತಾನೆ ಎಂಬುದು ಇದರಿಂದ ತಿಳಿಯುತ್ತದೆ.

ಆಯ್ಕೆಯ ಪ್ರಶ್ನೆ ಮುನ್ನೆಲೆಗೆ ಬಂದದ್ದು ಕಂಪನಿಗಳ ಒಡೆತನದ ಲೀಗ್‌ಗಳ ಕಾಲದಲ್ಲಿ. ಜೆಎಸ್‌ಡಬ್ಲ್ಯೂ ಸಂಸ್ಥೆ 2013ರಲ್ಲಿ ಸ್ಥಾಪಿಸಿದ ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡವು ಇಂಗ್ಲೆಂಡಿನ ಆಶ್ಲೀ ವೆಸ್ಟ್‌ವುಡ್‌ರ ತರಬೇತಿಯಲ್ಲಿ ಮೊದಲ ಋತುವಿನಲ್ಲಿಯೇ ಐ-ಲೀಗ್ ಗೆದ್ದು, 2016ರಲ್ಲಿ ಅದನ್ನು ಮತ್ತೊಮ್ಮೆ ಗೆದ್ದಿತು. ಕ್ರೀಡಾಂಗಣದ ಪಶ್ಚಿಮ ಭಾಗದಲ್ಲಿ ನಿಂತು ಪಂದ್ಯವಿಡೀ ಹಾಡುವ ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಅಭಿಮಾನಿ ಬಳಗ ಬೆಳೆದದ್ದೂ ಆ ವರ್ಷಗಳಲ್ಲಿಯೇ. ಅದೇ 2016ರಲ್ಲಿ ವೆಸ್ಟ್‌ವುಡ್ ತಂಡವನ್ನು ಬಿಟ್ಟರು ಮತ್ತು ಮುಂದೆ ಕೋಲ್ಕತ್ತದ ಎಟಿಕೆ ತಂಡದ ತರಬೇತಿ ಬಳಗದಲ್ಲಿ ಕಾಣಿಸಿಕೊಂಡರು. 2019ರಲ್ಲಿ ಬೆಂಗಳೂರಿಗೆ ಇಂಡಿಯನ್ ಸೂಪರ್ ಲೀಗ್ ಪ್ರಶಸ್ತಿ ಗೆದ್ದುಕೊಟ್ಟ ಸ್ಪೇನಿನ ಕಾರ್ಲೆಸ್ ಕ್ವಾಡ್ರಾಟ್‌ರೊಂದಿಗಿನ ಸಂಬಂಧವನ್ನು 2021ರ ಜನವರಿಯಲ್ಲಿ ತಂಡವೇ ಕಡಿದುಕೊಂಡಿತು. 2023ರಲ್ಲಿ ಅವರು ಈಸ್ಟ್ ಬೆಂಗಾಲ್ ಸೇರಿ, 2024ರ ಜನವರಿಯಲ್ಲಿ ಆ ತಂಡಕ್ಕೆ ಸೂಪರ್ ಕಪ್ ತಂದುಕೊಟ್ಟರು. ಅದೇ ವರ್ಷದ ಸೆಪ್ಟೆಂಬರ್ 14ರಂದು ಅವರ ತಂಡ ಕಂಠೀರವ ಕ್ರೀಡಾಂಗಣಕ್ಕೆ ಬಂದು, ಯುವ ಆಟಗಾರ ವಿನೀತ್ ವೆಂಕಟೇಶ್ ಹೊಡೆದ ಒಂದೇ ಗೋಲಿನಿಂದ ಬೆಂಗಳೂರಿಗೆ ಸೋತಿತು. ಗುಟ್ಟು ಬಲ್ಲ ಗುರು ಎದುರಾಳಿಯ ಕಡೆ ನಿಂತಾಗ ತಾಲೀಮಿನವರಿಗಾಗುವ ಅಳುಕನ್ನೂ, ಅವನೆದುರಿಗೇ ಗೆದ್ದಾಗ ಆಗುವ ಸಮಾಧಾನವನ್ನೂ ಫುಟ್‌ಬಾಲಿನಲ್ಲಿ ತೋರಿಸುವ ಪಂದ್ಯವಿದು.

ಕಬಡ್ಡಿಯಲ್ಲಿ ಕರ್ನಾಟಕದವರೇ ಆದ ಬಿ.ಸಿ. ರಮೇಶ್‌ರ ಹಾದಿ ಇದಕ್ಕಿಂತ ಸುತ್ತುಬಳಸಿನದು. 2019ರ ಜನವರಿಯಲ್ಲಿ ಪ್ರೊ ಕಬಡ್ಡಿ ಪ್ರಶಸ್ತಿ ಗೆದ್ದ ಬೆಂಗಳೂರು ಬುಲ್ಸ್‌ನ ತರಬೇತಿ ಬಳಗದಲ್ಲಿದ್ದ ಅವರು, ಅದೇ ವರ್ಷದ ಅಕ್ಟೋಬರ್‌ನಲ್ಲಿ ಬೆಂಗಾಲ್ ವಾರಿಯರ್ಸ್ ತಂಡವನ್ನೂ 2024ರ ಮಾರ್ಚ್‌ನಲ್ಲಿ ಪುಣೇರಿ ಪಲ್ಟನ್ ತಂಡವನ್ನೂ ಪ್ರಶಸ್ತಿಗೆ ಮುಟ್ಟಿಸಿ, 2025ರಲ್ಲಿ ಮುಖ್ಯ ತರಬೇತುದಾರರಾಗಿ ಬುಲ್ಸ್‌ಗೆ ಮರಳಿದರು. ನಡುವಿನ ವರ್ಷಗಳಲ್ಲಿ ಬೆಂಗಳೂರಿನ ಅಭಿಮಾನಿಯ ಮುಂದಿದ್ದುದು ವಿಚಿತ್ರವಾದ ಸ್ಥಿತಿ: ಎದುರಾಳಿಯ ಗೆಲುವಿನಲ್ಲಿ ತನ್ನ ನಾಡಿನವನ ಕೈಯಿತ್ತು, ಆದರೆ ಸೋಲು ತನ್ನ ತಂಡದ್ದಾಗಿತ್ತು.

ಈ ಭಾವನೆಗಳು ಅತ್ಯಂತ ತೀವ್ರವಾಗಿ ಕಾಣುವುದು ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ. ಹೆಸರು ಫುಟ್‌ಬಾಲ್ ಆದರೂ ಅದು ಶಿರಸ್ತ್ರಾಣ ತೊಟ್ಟು, ಚೆಂಡನ್ನು ಬಹುಮಟ್ಟಿಗೆ ಕೈಯಲ್ಲೇ ಒಯ್ದು ಆಡುವ ಆಟ. ಅಲ್ಲಿನ ಅನೇಕ ಊರುಗಳಿಗೆ ವೃತ್ತಿಪರ ತಂಡವಿಲ್ಲದೆ ವಿಶ್ವವಿದ್ಯಾಲಯದ ತಂಡವೇ ಊರಿನ ತಂಡವಾಗಿದ್ದು, ಆಟಗಾರರು ಕೆಲವೇ ವರ್ಷಗಳಲ್ಲಿ ಹೊರಟುಹೋಗುವುದರಿಂದ ಜನರ ನಿಷ್ಠೆಯೆಲ್ಲ ತರಬೇತುದಾರನ ಮೇಲೆ ನೆಲೆಗೊಳ್ಳುತ್ತದೆ. 2010ರ ಜನವರಿಯಲ್ಲಿ ಲೇನ್ ಕಿಫಿನ್ ಒಂದೇ ಋತುವಿನ ಬಳಿಕ ಟೆನೆಸ್ಸೀಯನ್ನು ಬಿಟ್ಟು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಹೊರಟಾಗ ವಿದ್ಯಾರ್ಥಿಗಳು ಬೀದಿಗಿಳಿದು ಹಾಸಿಗೆಗಳಿಗೆ ಬೆಂಕಿಯಿಟ್ಟರು. 2025ರ ನವೆಂಬರ್‌ನಲ್ಲಿ ಅವರೇ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ತಂಡವನ್ನು ಅದರ ದೊಡ್ಡ ಪಂದ್ಯಗಳ ಹೊಸ್ತಿಲಲ್ಲಿ ಬಿಟ್ಟು ಲೂಸಿಯಾನಾಕ್ಕೆ ಹೋದರು. ಅವಧಿ ಮುಗಿಯುವ ಮುನ್ನ ಹೋಗುವವರ ಪರವಾಗಿ ಹಳೆಯ ಸಂಸ್ಥೆಗೆ ಕಟ್ಟಿಕೊಡಬೇಕಾದ ಹಣಕ್ಕೆ ಅಲ್ಲಿ ಬೈಔಟ್ ಎನ್ನುತ್ತಾರೆ. ಆ ಹಣ ವಿಶ್ವವಿದ್ಯಾಲಯದ ನಷ್ಟವನ್ನು ತುಂಬಿಕೊಡಬಹುದು, ಆದರೆ ಕರಾರಿಗೆ ಸಹಿ ಹಾಕದ ಅಭಿಮಾನಿಗೆ ಅದರಲ್ಲಿ ಪಾಲಿಲ್ಲ.

ಕುಸ್ತಿಯ ಪರಂಪರೆ ಈ ಕೊರತೆಯನ್ನು ಬೇರೊಂದು ದಾರಿಯಿಂದ ತುಂಬಿಕೊಂಡಿದೆ. ಕರ್ನಾಟಕಕ್ಕೆ ಹತ್ತಿಕೊಂಡಿರುವ ಲಾತೂರ ಜಿಲ್ಲೆಯ ಹರಿಶ್ಚಂದ್ರ ಬಿರಾಜದಾರರು ಕೊಲ್ಲಾಪುರದಲ್ಲಿ ಕುಸ್ತಿಗಾರರಾಗಿ ಮೆರೆದು, ವಸ್ತಾದರಾಗಿ ಪುಣೆಯ ಗೋಕುಲ ವಸ್ತಾದ ತಾಲೀಮಿಗೆ ಹೋದರು. 2011ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಶಿಷ್ಯ ರಾಹುಲ್ ಅವಾರೆ, ಅವರ ಇನ್ನೊಬ್ಬ ಶಿಷ್ಯ ಕಾಕಾ ಪವಾರರ ಬಳಿ ಅಭ್ಯಾಸ ಮುಂದುವರಿಸಿ, 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಗೆದ್ದ ಚಿನ್ನದ ಪದಕವನ್ನು ಅಗಲಿದ ಗುರುವಿಗೆ ಅರ್ಪಿಸಿದರು. ಊರು ಬದಲಾಯಿತು, ತಾಲೀಮು ಬದಲಾಯಿತು, ಗುರುವೇ ಇಲ್ಲವಾದನು. ಆದರೂ ಯಾರು ಯಾರಿಂದ ಕಲಿತರೆಂಬ ಲೆಕ್ಕ ತಪ್ಪಲಿಲ್ಲ.

ಅರಸನ ಕಾಲದಲ್ಲಿ ಇಲ್ಲದಿದ್ದ ಹಕ್ಕು ತಾಲೀಮಿನ ಕಾಲದಲ್ಲಿ ಅಭಿಮಾನಿಗೆ ಬಂದಿತು, ಸರಕಾರದ ಕಾಲದಲ್ಲಿ ಮನವಿಪತ್ರವಾಯಿತು, ಕಂಪನಿಗಳ ಕಾಲದಲ್ಲಿ ಬರೀ ಭಾವನೆಯಾಗಿ ಉಳಿಯಿತು. ಹೆಚ್ಚಿನ ಸಂಬಳವನ್ನೂ ಒಳ್ಳೆಯ ಅವಕಾಶವನ್ನೂ ಅರಸಿ ಹೋಗುವ ಸ್ವಾತಂತ್ರ್ಯ ಯಾವ ನೌಕರನಿಗಾದರೂ ಇರುವಂತೆ ತರಬೇತುದಾರನಿಗೂ ಇರುವುದರಿಂದ, ಅವನನ್ನು ತಡೆಯುವುದು ನ್ಯಾಯವೂ ಅಲ್ಲ, ಸಾಧ್ಯವೂ ಅಲ್ಲ. ಆದರೆ ಬಿಟ್ಟುಹೋದವನ ಹೆಸರನ್ನು ಗೋಡೆಯಿಂದ ಅಳಿಸಿಹಾಕುವ ತಂಡವು ತನ್ನ ಅಭಿಮಾನಿಗೆ ಸಿಟ್ಟನ್ನಷ್ಟೇ ಉಳಿಸಿಕೊಡುತ್ತದೆ. ಗುರುವಿನ ಹೆಸರನ್ನು ಶಿಷ್ಯನ ಹೆಸರಿನೊಂದಿಗೆ ಸಾರುವ ಜಾತ್ರೆಯ ಕಣವು, ಹೋದವನ ಮುಂದಿನ ಗೆಲುವಿನಲ್ಲಿಯೂ ಪಾಲು ಕೇಳುವ ಅಧಿಕಾರವನ್ನು ಅಭಿಮಾನಿಗೆ ಕೊಡುತ್ತದೆ. ಲೀಗ್‌ಗಳ ಆಡಳಿತಗಾರರು ಗಡಿಸೀಮೆಯ ತಾಲೀಮುಗಳಿಂದ ಕಲಿಯಬಹುದಾದ ಪಟ್ಟುಗಳಲ್ಲಿ ಇದೂ ಒಂದು.