ಕಡೆಗಣ್ಣಿನ ಗಡಿಯಾರ

ನಕ್ಷತ್ರವೊಂದು ದೂರದರ್ಶಕದ ತಂತಿಯನ್ನು ದಾಟುವ ಕ್ಷಣವನ್ನು ಗುರುತಿಸಲು 18ನೇ ಶತಮಾನದ ಖಗೋಳವಿಜ್ಞಾನಿಗಳಿಗೆ ಇದ್ದದ್ದು ಕಣ್ಣು ಮತ್ತು ಕಿವಿ. ಗಡಿಯಾರದ ಬಡಿತ ಎಣಿಸುತ್ತಲೇ ನಕ್ಷತ್ರ ಎಲ್ಲಿದೆಯೆಂದು ನೋಡಿ, ಸೆಕೆಂಡಿನ ಹತ್ತನೇ ಒಂದು ಭಾಗದವರೆಗೂ ಅಂದಾಜು ಕಟ್ಟಬೇಕಿತ್ತು. ಗ್ರೀನಿಚ್ ವೀಕ್ಷಣಾಲಯದ ಮುಖ್ಯಸ್ಥ ನೆವಿಲ್ ಮಾಸ್ಕೆಲಿನ್ ತನ್ನ ಲೆಕ್ಕಕ್ಕೂ ಸಹಾಯಕ ಡೇವಿಡ್ ಕಿನ್ನೆಬ್ರೂಕ್‌ನ ಲೆಕ್ಕಕ್ಕೂ 0.8 ಸೆಕೆಂಡು ವ್ಯತ್ಯಾಸ ಬರುತ್ತಿದೆಯೆಂದು 1796ರಲ್ಲಿ ಅವನನ್ನು ಕೆಲಸದಿಂದ ತೆಗೆದ. ಆ ಸಹಾಯಕನಿಗೆ ಆದದ್ದು ಅನ್ಯಾಯ. ಸುಮಾರು ಕಾಲು ಶತಮಾನದ ಬಳಿಕ ಕ್ಯೋನಿಗ್ಸ್‌ಬರ್ಗ್‌ನ ಫ್ರೀಡ್ರಿಷ್ ಬೆಸೆಲ್ ನುರಿತ ವೀಕ್ಷಕರನ್ನೇ ಹೋಲಿಸಿದಾಗ, ಅವರ ನಡುವೆ ಒಂದು ಸೆಕೆಂಡಿಗೂ ಮೀರಿದ ಅಂತರ ಸಿಕ್ಕಿತು.

ಆಳಿಂದಾಳಿಗೆ ಹೊತ್ತು ಬದಲಾಗುವುದಾದರೆ, ಒಂದೇ ಕಣ್ಣಿನೊಳಗೆ?

1879ರಲ್ಲಿ ಸ್ಟ್ಯಾನ್ಲಿ ಹಾಲ್ ಮತ್ತು ಯೊಹಾನೆಸ್ ಫಾನ್ ಕ್ರೀಸ್ ಈ ಪ್ರಶ್ನೆಯನ್ನು ಅಳತೆಗೆ ಇಳಿಸಿದರು. ನೇರನೋಟಕ್ಕೆ ಬಿದ್ದ ಬೆಳಕಿಗೆ ಕೈ ಬೇಗ ಸ್ಪಂದಿಸಿತು. ಕಡೆಗಣ್ಣಿಗೆ ಬಿದ್ದದ್ದಕ್ಕೆ ತಡವಾಯಿತು. 1912ರಲ್ಲಿ ಅಮೆರಿಕದ ಆಲ್ಬರ್ಟ್ ಪೊಫೆನ್‌ಬರ್ಗರ್ ಇನ್ನಷ್ಟು ಸೂಕ್ಷ್ಮಕ್ಕೆ ಹೋದರು. ಎಡಬದಿಯ ಬೆಳಕಿಗೆ ಎಡಗೈ, ಬಲಗೈಗಿಂತ ಕೆಲವೇ ಮಿಲಿಸೆಕೆಂಡು ಮುಂದೆ. ಬಲಗೈ ಅಲುಗಬೇಕಾದರೆ ಸಂಕೇತ ಮೆದುಳಿನ ಒಂದು ಭಾಗದಿಂದ ಇನ್ನೊಂದಕ್ಕೆ ದಾಟಬೇಕು.

ಹಾಗೆಂದು ಕಡೆಗಣ್ಣು ಮಂದವೇ? ಅಲ್ಲ. ಹಳೆಯ ಟ್ಯೂಬ್‌ಲೈಟಿನ ಮಿನುಗು ಓರೆನೋಟಕ್ಕೆ ಕಾಣುತ್ತದೆ, ತಿರುಗಿ ನೋಡಿದರೆ ಬೆಳಕು ಸ್ಥಿರವಾಗಿರುತ್ತದೆ. 2017ರಲ್ಲಿ ರೌನಕ್ ಸಿನ್ಹಾ ಮತ್ತು ಸಂಗಡಿಗರು ಮಂಗಗಳ ಅಕ್ಷಿಪಟಲವನ್ನು ಪರೀಕ್ಷಿಸಿ, ಬೆಳಕು ಗ್ರಹಿಸುವ ಶಂಕುಕೋಶಗಳಲ್ಲಿ ನಡುವಿನವು ಅಂಚಿನವುಗಳಿಗಿಂತ ನಿಧಾನವೆಂದು ತೋರಿಸಿದರು. ಅಂಚಿನ ಕೋಶಗಳು ಚುರುಕು, ಆದರೆ ವಿರಳ. ಸಣ್ಣ ಬೆಳಕಿಗೆ ಅಲ್ಲಿಂದ ಹೊರಡುವ ಸಂಕೇತ ದುರ್ಬಲ, ಹಾಗಾಗಿ ಕೈ ತಡವಾಗುತ್ತದೆ. ಒಂದೇ ಕಣ್ಣಿನಲ್ಲಿ ಎರಡು ಬಗೆಯ ವೇಗ ಹೀಗೆ ಒಟ್ಟಿಗೆ ಬಾಳುತ್ತಿರುವುದು ನಿಜಕ್ಕೂ ಬೆರಗಿನ ಸಂಗತಿ.

ಇದು ಪ್ರಯೋಗಾಲಯದ ಮಾತಷ್ಟೇ ಅಲ್ಲ. ರನ್‌ಔಟ್ ತೀರ್ಮಾನಿಸುವ ಅಂಪೈರ್ ಒಂದೇ ಗಳಿಗೆಯಲ್ಲಿ ಎರಡು ಜಾಗ ನೋಡಬೇಕು: ಬ್ಯಾಟು ಗೆರೆ ಮುಟ್ಟಿತೇ, ಬೇಲ್ಸ್ ಹಾರಿತೇ? ಒಂದು ನೇರನೋಟದಲ್ಲಿದ್ದರೆ ಇನ್ನೊಂದು ಕಡೆಗಣ್ಣಿಗೆ ಬೀಳುತ್ತದೆ. 1992ರ ನವೆಂಬರಿನಲ್ಲಿ ಡರ್ಬನ್ ಟೆಸ್ಟ್‌ನಲ್ಲಿ ಟಿವಿ ಮರುಪ್ರಸಾರ ನೋಡಿ ಮೂರನೇ ಅಂಪೈರ್ ಔಟ್ ಕೊಟ್ಟ ಮೊದಲ ಆಟಗಾರ ಸಚಿನ್ ತೆಂಡೂಲ್ಕರ್. ಆ ತೀರ್ಪು ಕ್ಯಾಮೆರಾದ ಪಾಲಾದದ್ದು ಒಳ್ಳೆಯದೇ ಆಯಿತು. ಆದರೆ ಊರಿನ ಪಂದ್ಯಗಳಲ್ಲಿ ಇವತ್ತಿಗೂ ಬರಿಗಣ್ಣೇ ಗತಿ. ಅಲ್ಲಿ ಬೆರಳೆತ್ತುವವರನ್ನು, ಕೇಳುಗರೇ, ದಯವಿಟ್ಟು ಬೈಯಬೇಡಿ.