ವಂಡರ್‌ಲಾ ರಸ್ತೆಯ ಟಿಬೆಟನ್ ಕಾಲೇಜು

ಬಿಡದಿ ಅಂದ ತಕ್ಷಣ ತಟ್ಟೆ ಇಡ್ಲಿ, ಟೊಯೊಟಾ ಫ್ಯಾಕ್ಟರಿ, ವಂಡರ್‌ಲಾ ನೆನಪಾಗುತ್ತೆ, ಅಲ್ವಾ? ಅದೇ ವಂಡರ್‌ಲಾ ಕಡೆ, ಶೇಷಗಿರಿಹಳ್ಳಿಯಲ್ಲಿ, ದಲೈ ಲಾಮಾ ಹೆಸರಿನ ಒಂದು ಕಾಲೇಜಿದೆ. ಕಟ್ಟಿದ್ದು ಟಿಬೆಟನ್ ಚಿಲ್ಡ್ರನ್ಸ್ ವಿಲೇಜ್ ಸಂಸ್ಥೆ. ಡಿಗ್ರಿ ಓದಿನ ಜೊತೆಗೇ ಅಲ್ಲಿ ಟಿಬೆಟನ್ ಭಾಷೆನೂ ಕಲೀತಾರೆ.

ಇವರು ಇಲ್ಲಿಗೆ ಬಂದದ್ದು ಹೇಗೆ? 1959ರಲ್ಲಿ ದಲೈ ಲಾಮಾ ಲಾಸಾ ಬಿಟ್ಟು ಭಾರತಕ್ಕೆ ಬಂದರು, ಹಿಂದೆಯೇ ಸಾವಿರಾರು ಜನ. ಆಗಿನ ಮೈಸೂರು ರಾಜ್ಯ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡುಭೂಮಿ ಕೊಟ್ಟಿತು. ಆಮೇಲೆ ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಒಡೆಯರಪಾಳ್ಯ. ಕಾಡು ಕಡಿದು ಮುಸುಕಿನ ಜೋಳ ಬಿತ್ತಿದರು. ಲಾಸಾ ಬಳಿಯ ಸೆರಾ ಮಠ ಬೈಲುಕುಪ್ಪೆಯಲ್ಲಿ ಮತ್ತೆ ಎದ್ದು ನಿಂತಿತು. ಅಲ್ಲಿ ಭಿಕ್ಷುಗಳು ಕಾಲು ಅಪ್ಪಳಿಸಿ, ಚಪ್ಪಾಳೆ ಹೊಡೆದು ಪ್ರಶ್ನೆ ಕೇಳೋದು ನೋಡಿದ್ರೆ ಜಗಳ ಅಂತಾನೇ ಅನ್ಸುತ್ತೆ. ಅದು ಅವರ ತರ್ಕದ ಪಾಠ!

ಈಗ ಕಷ್ಟದ ವಿಷಯ. ಇಲ್ಲೇ ಹುಟ್ಟಿ, ಸಂತೆಯಲ್ಲಿ ಕನ್ನಡದಲ್ಲೇ ಚೌಕಾಸಿ ಮಾಡೋ ಎಷ್ಟೋ ಹುಡುಗರ ಕೈಲಿರೋದು ವಿದೇಶಿಯರ ನೋಂದಣಿ ಪತ್ರ. ಅವಧಿ ಮುಗಿದಂತೆಲ್ಲ ನವೀಕರಿಸ್ತಾ ಇರಬೇಕು. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಭಾರತದಲ್ಲಿ ಹುಟ್ಟಿದವರು ಕಾನೂನಿನ ಪ್ರಕಾರ ಹುಟ್ಟಿನಿಂದಲೇ ಪ್ರಜೆಗಳು. 2013ರಲ್ಲಿ ಕರ್ನಾಟಕ ಹೈಕೋರ್ಟ್ ಅಂಥ ಒಬ್ಬ ಟಿಬೆಟನ್ನರ ಪರ ತೀರ್ಪು ಕೊಟ್ಟಿತು. ಇವತ್ತು ಕಾಲೇಜಿಗೆ ಹೋಗೋ ಹುಡುಗರು ಹುಟ್ಟಿದ್ದು ಆಮೇಲೆ; ಅವರಿಗೆ ಹುಟ್ಟಿದ ಊರೊಂದೇ ಸಾಲಲ್ಲ, ಅಪ್ಪ-ಅಮ್ಮನ ಪೌರತ್ವವನ್ನೂ ನೋಡ್ತಾರೆ.

ಕೆಲವರು ಪಾಸ್‌ಪೋರ್ಟ್ ಬೇಕೇ ಬೇಕು ಅಂತಾರೆ. ಇನ್ನು ಕೆಲವರಿಗೆ, ಅದನ್ನ ತಗೊಂಡ್ರೆ ಟಿಬೆಟ್‌ಗೆ ಮರಳೋ ಆಸೆನೇ ಕೈಬಿಟ್ಟ ಹಾಗೆ. ನನಗಂತೂ ಇಬ್ಬರ ಮಾತೂ ಸರಿ ಅನ್ಸುತ್ತೆ.