ಮೈಸೂರಿನ ಕಾಲಾಳು

ಯುದ್ಧದ ಮಾತು ಬಂದೊಡನೆ ಮೈಸೂರಿಗರಾದ ನಮಗೆ ಮೊದಲು ನೆನಪಾಗುವುದು ಕುದುರೆ. 1918ನೆಯ ಇಸವಿಯ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಸವಾರರು ಜೋಧಪುರದ ಸವಾರರೊಡನೆ ಹೈಫಾ ಪಟ್ಟಣವನ್ನು ಹಿಡಿದ ಕಥೆಯನ್ನು ಅನೇಕರು ಬಲ್ಲರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವೂ ಉಂಟು. ಅದು ತಕ್ಕುದೇ. ಆದರೆ ಕುದುರೆಯಿಲ್ಲದವನ ವಿಷಯವಾಗಿ ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಕಾಲಾಳಿನ ಬಾಳೆಲ್ಲ ಅವನ ಕಾಲಿನಲ್ಲಿಯೇ ಇರುವುದು. ಬೂಟಿನೊಳಗೆ ಒಂದು ಬೊಕ್ಕೆ ಎದ್ದರೆ ಅವನು ಅಂದಿಗೆ ಸಿಪಾಯಿಯಲ್ಲ, ಇತರರಿಗೆ ಹೊರೆ. ಹೆಗಲಮೇಲೆ ಸುಮಾರು ಒಂಬತ್ತು ಪೌಂಡಿನ ಬಂದೂಕು. ಅದರೊಡನೆ ತೋಟಾ, ನೀರು, ಹೊದಿಕೆ, ನೆಲ ಅಗೆಯುವ ಸಲಕರಣೆ. ಕದನವೆಂಬುದು ಅವನ ಪಾಲಿಗೆ ಕೆಲವೇ ಗಳಿಗೆಗಳದು. ಉಳಿದ ಕಾಲವೆಲ್ಲ ನಡೆಯುವುದು, ಅಗೆಯುವುದು, ಕಾಯುವುದು. ಕಾಯುವುದೆಂದರೆ ಕಾವಲು ಕಾಯುವುದೂ ಆಯಿತು, ಊರಿನ ಕಾಗದಕ್ಕಾಗಿ ಕಾಯುವುದೂ ಆಯಿತು. ಓದುಬರಹ ಬಾರದವನು ಆ ಕಾಗದವನ್ನು ಮತ್ತೊಬ್ಬನ ಬಾಯಿಂದ ಓದಿಸಿ ಕೇಳಬೇಕು. ಮನೆಯ ಗುಟ್ಟು ಹೀಗೆ ಪಾಳೆಯದ ಸೊತ್ತಾಗುವುದು.

ಎರಡನೆಯ ಮಹಾಯುದ್ಧದಲ್ಲಿ ಮೈಸೂರು ಸಂಸ್ಥಾನದ ಮೊದಲನೆಯ ಕಾಲಾಳುದಳವು ಸಿಂಗಪುರದಲ್ಲಿದ್ದಿತು. ಮಲಯಕ್ಕೆ ಹೋದ ಸಂಸ್ಥಾನಗಳ ದಳಗಳಿಗೆ ಮುಖ್ಯವಾಗಿ ಒಪ್ಪಿಸಿದ್ದುದು ವಿಮಾನನಿಲ್ದಾಣಗಳ ಕಾವಲು. ಕಾಯಬೇಕಾದ ನಿಲ್ದಾಣಗಳೇನೋ ಇದ್ದುವು, ಸಾಕಷ್ಟು ವಿಮಾನಗಳಿರಲಿಲ್ಲ. 1941ರ ಡಿಸೆಂಬರಿನಲ್ಲಿ ಜಪಾನೀಯರು ಮಲಯದಲ್ಲಿ ಇಳಿದರು. 1942ರ ಫೆಬ್ರವರಿ 15ರಂದು ಸಿಂಗಪುರ ಶರಣಾಯಿತು. ಮೇಲಿನವರು ಕಾಗದಕ್ಕೆ ರುಜು ಹಾಕಿದರು. ಕಾಲಾಳು ಬಂದೂಕನ್ನು ಕೆಳಗಿಟ್ಟನು.

17ನೆಯ ತಾರೀಖು ಭಾರತೀಯ ಸಿಪಾಯಿಗಳನ್ನು ಫರೆರ್ ಪಾರ್ಕ್ ಎಂಬ ಮೈದಾನದಲ್ಲಿ ಕೂಡಿಸಿ ಜಪಾನೀಯರ ವಶಕ್ಕೆ ಕೊಟ್ಟರು. ಅಲ್ಲಿಯೇ ಆಜಾದ್ ಹಿಂದ್ ಫೌಜಿನ ಕರೆಯೂ ಕೇಳಿಬಂದಿತು. ಒಂದು ಕಡೆ ತಾನು ಇಟ್ಟ ಆಣೆ, ಇನ್ನೊಂದು ಕಡೆ ದೇಶದ ಬಿಡುಗಡೆ. ಸಾವಿರಾರು ಮಂದಿ ಸೇರಿದರು, ಸಾವಿರಾರು ಮಂದಿ ಸೇರಲಿಲ್ಲ. ಹಸಿದ ಸೆರೆಯಾಳು ಮಾಡಿಕೊಂಡ ಆಯ್ಕೆಯನ್ನು, ಉಂಡು ಕುಳಿತ ನಾವು ತೂಗಿನೋಡುವುದು ನನಗೆ ಸರಿಕಾಣದು. ಸೇರದವರಲ್ಲಿ ಬಹುಮಂದಿಯನ್ನು ಹಡಗುಗಳಲ್ಲಿ ತುರುಕಿ ನ್ಯೂಗಿನಿಯಂತಹ ದೂರದ ದ್ವೀಪಗಳಿಗೆ ಕೂಲಿಗಾಗಿ ಸಾಗಿಸಿದರು.

ಇನ್ನು ಮತ್ತಿಕೆರೆಯ ಕಡೆಗೆ ಬರುತ್ತೇನೆ. ಇಂದು ನಗರದೊಳಗೆ ಕರಗಿರುವ ಮತ್ತಿಕೆರೆ ಆಗ ಯಶವಂತಪುರದ ಮಗ್ಗುಲಿನ ಹಳ್ಳಿ. ಅಲ್ಲಿಂದ ಉತ್ತರಕ್ಕೆ ಎರಡು ಮೂರು ಮೈಲಿಯ ಜಾಲಹಳ್ಳಿಯಲ್ಲಿ ಅದೇ ವರ್ಷಗಳಲ್ಲಿ ಇಟಲಿಯ ಯುದ್ಧಕೈದಿಗಳಿದ್ದರು. ದೊಡ್ಡ ಸೇನಾ ಆಸ್ಪತ್ರೆಯೂ ಎದ್ದಿತು. 1940ರ ಡಿಸೆಂಬರಿನಿಂದ ಉತ್ತರ ಆಫ್ರಿಕದ ಮರಳಿನಲ್ಲಿ ಇಟಲಿಯವರು ಸಹಸ್ರಗಟ್ಟಲೆ ಸೆರೆಸಿಕ್ಕಿದರು. ಹಿಡಿದವರಲ್ಲಿ ನಾಲ್ಕನೆಯ ಭಾರತೀಯ ಡಿವಿಜನ್ನಿನ ಕಾಲಾಳುಗಳೂ ಇದ್ದರು. ಹೀಗೆ, ಯಾರದೋ ಮಕ್ಕಳು ನಮ್ಮೂರ ಬೇಲಿಯೊಳಗೆ. ನಮ್ಮ ಮಕ್ಕಳು ಯಾರದೋ ದ್ವೀಪದ ಬೇಲಿಯೊಳಗೆ. ಆದರೆ ಎರಡೂ ಒಂದೇ ಸೆರೆಯಲ್ಲ. ಯುದ್ಧಕೈದಿಗಳ ಪೋಷಣೆಗೆಂದು 1929ರಲ್ಲಿ ಜಿನೀವದಲ್ಲಾದ ಒಪ್ಪಂದವು ಇಲ್ಲಿಯ ಕೈದಿಗೆ ಆಸರೆಯಾಗಿದ್ದಿತು. ಜಪಾನು ಅದಕ್ಕೆ ರುಜು ಹಾಕಿತ್ತೇ ಹೊರತು ಅದನ್ನು ಸ್ಥಿರಪಡಿಸಿರಲಿಲ್ಲ. ಇಲ್ಲಿಯ ಕೈದಿಯ ಕಾಗದ ಇಟಲಿಯನ್ನು ತಡವಾಗಿಯಾದರೂ ಮುಟ್ಟುತ್ತಿದ್ದಿತು. ಮೂಡಲ ದ್ವೀಪಗಳಿಂದ ನಮ್ಮ ಹಳ್ಳಿಗಳಿಗೆ ಕಾಗದವು ಬರುವುದೇ ಅಪರೂಪ. ‘ಕಾಣೆಯಾಗಿದ್ದಾನೆ’ ಎಂಬ ಒಂದು ಮಾತನ್ನಿಟ್ಟುಕೊಂಡು ಮೂರೂವರೆ ವರ್ಷ ಕಳೆಯುವುದೆಂದರೆ ಹೇಗೆ? ಕುಂಕುಮ ಇಡಬೇಕೇ, ಅಳಿಸಬೇಕೇ ಎಂಬುದನ್ನು ಕೂಡ ಆ ಮಾತು ತಿಳಿಸುವುದಿಲ್ಲ.

1945ರ ಸೆಪ್ಟೆಂಬರ್ 12ರಂದು ಸಿಂಗಪುರದಲ್ಲಿ ಜಪಾನೀಯರು ಶರಣಾದರು. ಬದುಕುಳಿದವರು ಹಿಂದಿರುಗಿದರು. ಮುಂದೆ ಸಂಸ್ಥಾನವೇ ಭಾರತದಲ್ಲಿ ಸೇರಿಹೋಯಿತು. ಮೈಸೂರಿನ ಕಾಲಾಳುದಳವು ಮದ್ರಾಸ್ ರೆಜಿಮೆಂಟಿನ 18ನೆಯ ಬೆಟಾಲಿಯನ್ ಆಯಿತು.

ಸಿಂಗಪುರದ ಕ್ರಾಂಜಿ ಎಂಬಲ್ಲಿ, ಸಮಾಧಿ ತಿಳಿಯದ 24,000ಕ್ಕೂ ಹೆಚ್ಚು ಯೋಧರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. ಭಾರತೀಯರ ಹೆಸರುಗಳು ಅವುಗಳಲ್ಲಿ ಬಹಳ. ಹತ್ತಿರದಲ್ಲಿಯೇ, ದಹನಸಂಸ್ಕಾರ ಹೊಂದಿದ ನಮ್ಮ ಸಿಪಾಯಿಗಳಿಗಾಗಿ ಬೇರೊಂದು ಸ್ಮಾರಕವಿದೆ. ಈಗ ನಮ್ಮಲ್ಲಿ ಅನೇಕರು ವಿಹಾರಕ್ಕೆಂದು ಸಿಂಗಪುರಕ್ಕೆ ಹೋಗಿಬರುವರು. ಅಂಗಡಿಬೀದಿಗಳನ್ನು ಸುತ್ತುವ ನಡುವೆ ಒಂದು ಬೆಳಗ್ಗೆಯನ್ನು ಉಳಿಸಿಕೊಂಡರೆ ಅಲ್ಲಿಗೂ ಹೋಗಿಬರಬಹುದು.